ಘಾಟಿ ರೈಲಿನಲ್ಲಿ ಸಿನಿಮಾ: ಹನ್ನೊಂದು ಇಂಚಿನ ಟ್ಯಾಬ್ಲೆಟ್‌ನ ದೀರ್ಘಕಾಲದ ಬಳಕೆ

ಮಂಗಳೂರು–ಬೆಂಗಳೂರು ಹಗಲು ರೈಲಿನ ಪ್ರಯಾಣಕ್ಕೆಂದೇ ಕೊಂಡ ಆಂಡ್ರಾಯ್ಡ್ ಟ್ಯಾಬ್ಲೆಟ್ ಒಂದನ್ನು ಎರಡು ವರ್ಷಕ್ಕೂ ಮಿಕ್ಕಿ ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಅಂಗಡಿಗಳಲ್ಲಿ ಪರದೆಯ ಗಾತ್ರವನ್ನೂ ಸ್ಪೀಕರ್‌ಗಳ ಸಂಖ್ಯೆಯನ್ನೂ ಎತ್ತಿ ಹೇಳುತ್ತಾರೆ. ನಮ್ಮ ದಾರಿಗೆ ಮುಖ್ಯವಾದದ್ದು ನೆಟ್‌ವರ್ಕ್ ಇಲ್ಲದಾಗ ಸಾಧನ ಎಷ್ಟರಮಟ್ಟಿಗೆ ಕೆಲಸಕ್ಕೆ ಬರುತ್ತದೆ ಎಂಬುದು. ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರದವರೆಗಿನ ಸುಮಾರು 55 ಕಿ.ಮೀ. ಘಾಟಿಯಲ್ಲಿ 57 ಸುರಂಗಗಳಿದ್ದು, ರೈಲು ತೆವಳುತ್ತಾ ಏರುವ ಆ ಹೊತ್ತಿನಲ್ಲಿ ಮೊಬೈಲ್ ಸಿಗ್ನಲ್ ನೆಚ್ಚಿಕೊಂಡವರಿಗೆ ಸಿನಿಮಾ ನೋಡುವ ಯೋಗವಿಲ್ಲ.

ಹೀಗಾಗಿ ಚಿತ್ರಗಳನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳುವುದು ಅನಿವಾರ್ಯ. ಓಟಿಟಿಗಳ ಡೌನ್‌ಲೋಡ್‌ಗೆ ವಾಯಿದೆ ಇರುವುದರಿಂದ, ಕೆಲವು ಚಿತ್ರಗಳನ್ನು ಒಮ್ಮೆ ಆರಂಭಿಸಿದರೆ 48 ಗಂಟೆಗಳೊಳಗೆ ಮುಗಿಸಬೇಕಾಗುತ್ತದೆ. ಕೊಳ್ಳುವ ಮುನ್ನ ವೈಡ್‌ವೈನ್ ಎಂಬ ನಕಲು-ತಡೆ ವ್ಯವಸ್ಥೆಯ ಅತಿ ಮೇಲಿನ ಹಂತವಾದ ಎಲ್1 ಪ್ರಮಾಣೀಕರಣವಿದೆಯೇ ಎಂದು ತಪ್ಪದೆ ನೋಡಬೇಕು. ಕೆಳಗಿನ ಹಂತವಾದ ಎಲ್3 ಮಾತ್ರ ಇದ್ದರೆ ಪರದೆ ಎಷ್ಟೇ ಉತ್ತಮವಾಗಿದ್ದರೂ ಪ್ರಮುಖ ಓಟಿಟಿಗಳು ಸಾಮಾನ್ಯವಾಗಿ ಎಸ್‌ಡಿ, ಅಂದರೆ ಕಡಿಮೆ ಸ್ಪಷ್ಟತೆಯ ಚಿತ್ರವನ್ನಷ್ಟೇ ತೋರಿಸುತ್ತವೆ. ಸ್ವಂತ ಫೈಲುಗಳನ್ನು ಇಡುವ ಮೆಮೊರಿ ಕಾರ್ಡನ್ನು ಎಕ್ಸ್‌ಫ್ಯಾಟ್ ಎಂಬ ಫೈಲ್ ವ್ಯವಸ್ಥೆಗೆ ಫಾರ್ಮ್ಯಾಟ್ ಮಾಡಿದರೆ ಒಳ್ಳೆಯದು, ಏಕೆಂದರೆ ಹಳೆಯ ಫ್ಯಾಟ್32 ವ್ಯವಸ್ಥೆಯಲ್ಲಿ 4 ಜಿಬಿ ಮೀರಿದ ಒಂದೇ ಫೈಲು ಹಿಡಿಸುವುದಿಲ್ಲ.

ಪರದೆಯ ವಿಷಯದಲ್ಲಿ ನನಗೆ ಪೂರ್ಣ ತೃಪ್ತಿಯಿಲ್ಲ. 16:10 ಅನುಪಾತದ ಪರದೆಯಲ್ಲಿ 2.39:1 ಅನುಪಾತದ ಸ್ಕೋಪ್ (ಹೆಚ್ಚು ಅಗಲದ) ಚಿತ್ರ ಹಾಕಿದರೆ ಮೇಲೂ ಕೆಳಗೂ ಸೇರಿ ಮೂರನೇ ಒಂದು ಭಾಗ ಕಪ್ಪಾಗಿಯೇ ಉಳಿಯುತ್ತದೆ. ಕಿಟಕಿ ಬದಿಯಲ್ಲಿ ಕುಳಿತಾಗ ಕತ್ತಲೆಯ ದೃಶ್ಯ ಬಂತೆಂದರೆ ನಾಯಕನ ಮುಖದ ಮೇಲೆ ಹೊರಗಿನ ಅಡಿಕೆ ತೋಟ ಸರಿಯುತ್ತಿರುತ್ತದೆ. ಸುರಂಗ ಹೊಕ್ಕಾಗ ಮಂಕಾಗುವ ಪರದೆ, ಹೊರಬಂದ ಮೇಲೆ ಚೇತರಿಸಿಕೊಳ್ಳುವಷ್ಟರಲ್ಲಿ ಮುಂದಿನ ಸುರಂಗ ಬಂದಿರುತ್ತದೆ. ಸ್ವಯಂಚಾಲಿತ ಬ್ರೈಟ್‌ನೆಸ್ ಆಫ್ ಮಾಡಿಡುವುದೊಂದೇ ಇದಕ್ಕೆ ಪರಿಹಾರ.

ಬ್ಯಾಟರಿ ಹೊಸತರಲ್ಲಿ ಮೂರು ಸಿನಿಮಾಗಳಿಗೆ ಧಾರಾಳವಾಗಿ ಸಾಲುತ್ತಿತ್ತು. ಈಗ ಎರಡನೆಯದು ಮುಗಿಯುವಾಗ ಚಾರ್ಜರ್ ಬೇಕಾಗುತ್ತದೆ. ಬಜ್ಪೆಯಿಂದ ವಿಮಾನ ಹತ್ತುವವರು ಪವರ್ ಬ್ಯಾಂಕನ್ನು ಚೆಕ್-ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ ಎಂಬುದನ್ನು ನೆನಪಿಡಬೇಕು. ಕರಾವಳಿಯ ಮಳೆಗಾಲದ ಆಟಿ ತಿಂಗಳಲ್ಲಿ ಚಾರ್ಜಿಂಗ್ ಪೋರ್ಟಿನಲ್ಲಿ ತೇವಾಂಶವಿದೆ ಎಂಬ ಎಚ್ಚರಿಕೆ ಆಗಾಗ ಮೂಡಿ ಚಾರ್ಜಿಂಗ್ ನಿಂತುಬಿಡುತ್ತದೆ. ಫ್ಯಾನ್ ಗಾಳಿಗೆ ಇಟ್ಟು ಕಾಯುವುದಲ್ಲದೆ ಬೇರೆ ಉಪಾಯ ನನಗೆ ಕಂಡಿಲ್ಲ.

ರೈಲಿನ ಮಡಚುವ ಮೇಜಿನ ಮೇಲೆ ಇದು ಸೊಗಸಾಗಿ ನಿಲ್ಲುತ್ತದೆ. ಶಿರಾಡಿಯ ತಿರುವುಗಳಲ್ಲಿ ಓಲಾಡುವ ಬಸ್ಸಿನಲ್ಲಿ ಮಾತ್ರ ಅರ್ಧ ಕಿಲೋ ತೂಕವನ್ನು ಕೈಯಲ್ಲಿ ಹಿಡಿದು ನೋಡುವುದು ಕಷ್ಟ. ಹೆಚ್ಚಾಗಿ ಬಸ್ಸಿನಲ್ಲೇ ಓಡಾಡುವವರಿಗೆ ಮೊಬೈಲೇ ಸಾಕು.