ಪ್ಲೇಸ್ಟೇಷನ್ 5, ಡಿಸ್ಕ್ ಮಾಡೆಲ್: ದಾವಣಗೆರೆಯಲ್ಲಿ ಮೂರೂವರೆ ವರ್ಷ

ಮೊದಲೇ ಹೇಳಿಬಿಡುತ್ತೇನೆ, ನಾನು ಗೇಮಿಂಗ್ ಪಂಡಿತನಲ್ಲ. ರಾತ್ರಿ ಊಟ ಆದಮೇಲೆ ಒಂದು ಗಂಟೆ, ಭಾನುವಾರ ಮಗನ ಜೊತೆ ಎರಡು ಗಂಟೆ, ಅಷ್ಟೇ. ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವುದು) ಎಣಿಸುವವರಿಗೆ ಈ ವಿಮರ್ಶೆ ಉಪಯೋಗಕ್ಕೆ ಬರಲಿಕ್ಕಿಲ್ಲ. ದುಡ್ಡು ಎಣಿಸುವವರಿಗೆ ಬಂದೀತು.

ಟಿವಿಗೆ ಜೋಡಿಸಿ ಗೇಮ್ ಆಡುವ ಸೋನಿಯ ಈ ಕನ್ಸೋಲನ್ನು ಕೊಂಡದ್ದು 2022ರ ಏಪ್ರಿಲ್‌ನಲ್ಲಿ. ನಮ್ಮ ದೇಶದಲ್ಲಿ ಇದರ ಮಾರಾಟ ಶುರುವಾಗಿದ್ದು 2021ರ ಫೆಬ್ರವರಿ 2ಕ್ಕೆ. ಡಿಸ್ಕ್ ಹಾಕುವ ಮಾಡೆಲ್‌ಗೆ 49,990 ರೂಪಾಯಿ, ಡಿಸ್ಕ್ ಇಲ್ಲದ ಡಿಜಿಟಲ್‌ಗೆ 39,990. ಬೆಲೆಯೇನೋ ಇತ್ತು, ಮಾಲೇ ಇರಲಿಲ್ಲ. ಆನ್‌ಲೈನ್‌ನಲ್ಲಿ ಬುಕಿಂಗ್ ತೆರೆದರೆ ಪಿನ್‌ಕೋಡ್ ಹಾಕುವಷ್ಟರಲ್ಲಿ ಖಾಲಿ. ವರ್ಷ ಕಳೆದ ಮೇಲೆ ಒಂದು ದೊಡ್ಡ ಎಲೆಕ್ಟ್ರಾನಿಕ್ಸ್ ಶೋರೂಮ್‌ನಿಂದ "ಸ್ಟಾಕ್ ಬಂದಿದೆ ಸರ್" ಎಂದು ಫೋನ್ ಬಂತು. ಹೋದರೆ ಬರೀ ಕನ್ಸೋಲ್ ಕೊಡಲ್ಲವಂತೆ. ಜೊತೆಗೆ ಎರಡು ಗೇಮ್, ಮೇಲೆ 4,999 ರೂಪಾಯಿಯ ಎಕ್ಸ್‌ಟೆಂಡೆಡ್ ವಾರಂಟಿ ಕಡ್ಡಾಯ. ಅಕ್ಕಿ ಬೇಕಾದರೆ ಸೋಪೂ ತಗೋ ಅನ್ನುವ ರೇಷನ್ ಅಂಗಡಿ ಕಥೆ. ಸುಮ್ನೆ ತಗೊಂಡೆ. ಆ ವಾರಂಟಿ ಕಥೆಗೆ ಆಮೇಲೆ ಬರುತ್ತೇನೆ.

ಮೆಷಿನ್ ದೊಡ್ಡದು. ನಿಲ್ಲಿಸಿದರೆ 39 ಸೆಂಟಿಮೀಟರ್ ಎತ್ತರ, ತೂಕ ನಾಲ್ಕೂವರೆ ಕಿಲೋ. ಟಿವಿ ಶೋಕೇಸಿನಲ್ಲಿ ಹಿಡಿಸಲಿಲ್ಲ, ಪಕ್ಕದ ಸ್ಟೂಲ್ ಮೇಲೆ ಕೂತಿದೆ. ಅಮ್ಮ ಮೊದಲ ದಿನ ನೋಡಿ "ಇದಕ್ಕೆ ನಲ್ಲಿ ಎಲ್ಲಿದೆಯೋ?" ಅಂದರು. ವಾಟರ್ ಫಿಲ್ಟರ್ ಅಂದುಕೊಂಡಿದ್ದರು. ತಿಂಗಳಾದ ಮೇಲೆ ಒಂದು ಸಂಜೆ ಫ್ಯಾನ್ ಎಂದೂ ಇಲ್ಲದ ಹಾಗೆ ಗುಂಯ್ ಅನ್ನತೊಡಗಿತು. ತಿರುಗಿ ನೋಡಿದರೆ, ಧೂಳು ಕೂರಬಾರದು ಅಂತ ಅಮ್ಮ ತಾವೇ ಹೆಣೆದ ಕ್ರೋಶಾ ಬಟ್ಟೆ ಹೊದಿಸಿದ್ದಾರೆ. ಫ್ರಿಜ್ಜಿಗೂ ಹಾಗೇ ಒಂದಿದೆ. ಬಿಸಿಗಾಳಿ ಹೋಗುವ ಜಾಗವೇ ಮುಚ್ಚಿತ್ತು.

ಹಾಗಂತ ಅಮ್ಮನ ಭಯ ಸುಳ್ಳಲ್ಲ. ನಮ್ಮ ಬಡಾವಣೆಯಲ್ಲಿ ರಸ್ತೆ ಅಗೆಯುವುದು ಮುಗಿದರೆ ಮುಚ್ಚುವುದು, ಮುಚ್ಚಿದರೆ ಮತ್ತೆ ಅಗೆಯುವುದು. ಇಲ್ಲಿ ಸೋನಿಯವರನ್ನು ಮೆಚ್ಚಬೇಕು. ಮೆಷಿನ್ ಮೈಮೇಲಿನ ಬಿಳಿ ತಟ್ಟೆಗೆ ಸ್ಕ್ರೂ ಇಲ್ಲ. ಮೂಲೆ ಎತ್ತಿ ಜಾರಿಸಿದರೆ ಕಳಚಿ ಬರುತ್ತದೆ. ಒಳಗೆ ಧೂಳು ಬಂದು ಸೇರುವುದಕ್ಕೆಂದೇ ತೂತು ಇಟ್ಟಿದ್ದಾರೆ. ಮೂರು ತಿಂಗಳಿಗೊಮ್ಮೆ ವ್ಯಾಕ್ಯೂಮ್ ಕ್ಲೀನರ್ ಬಾಯಿ ಅಲ್ಲಿಗೆ ಹಿಡಿದರೆ ಹಳೇ ಹಾಸಿಗೆಯ ಹತ್ತಿಯಂಥ ಬೂದು ಉಂಡೆ ಹೊರಬರುತ್ತದೆ. ಅದಕ್ಕಿಂತ ಒಳಗೆ ಕೈ ಹಾಕಬೇಡಿ. ಚಿಪ್ ತಂಪಾಗಿಡಲು ಇದರಲ್ಲಿ ದ್ರವ ಲೋಹ ಹಾಕಿದ್ದಾರೆ. ಅದು ಹೊರಗೆ ಚೆಲ್ಲಿದರೆ ಬೋರ್ಡ್ ಶಾರ್ಟ್ ಆಗುತ್ತದೆ.

ಅದೇ ತಟ್ಟೆಯ ಕೆಳಗೆ ಇನ್ನೊಂದು ಎಸ್‌ಎಸ್‌ಡಿ, ಅಂದರೆ ಗೇಮ್ ಶೇಖರಿಸಿಡುವ ಡ್ರೈವ್, ಹಾಕುವ ಜಾಗವಿದೆ. ಮೆಷಿನ್ ಜೊತೆ ಬರುವುದು 825 ಜಿಬಿ, ನಮ್ಮ ಕೈಗೆ ಸಿಗುವುದು ಸುಮಾರು 667. ಏಳೆಂಟು ದೊಡ್ಡ ಗೇಮ್ ಹಾಕಿದರೆ ಮುಗಿಯಿತು. ಮನೆಯಲ್ಲೇ ಕೂತು ಒಂದು ಟಿಬಿಯದ್ದು ಹಾಕಿಕೊಂಡೆ, ಇಪ್ಪತ್ತು ನಿಮಿಷದ ಕೆಲಸ.

ಈಗ ಮುಖ್ಯ ವಿಷಯಕ್ಕೆ ಬರೋಣ, ಅದೇ ಡಿಸ್ಕ್. ಹತ್ತು ಸಾವಿರ ಉಳಿಯುತ್ತಲ್ಲ ಅಂತ ಡಿಜಿಟಲ್ ಕೊಳ್ಳಲು ಹೊರಟವರು ಒಂದು ನಿಮಿಷ ನಿಲ್ಲಿ. ಡಿಸ್ಕ್ ಇದ್ದರೂ ಗೇಮ್ ಎಸ್‌ಎಸ್‌ಡಿಗೆ ಇಳಿಯಲೇಬೇಕು, ಜಾಗವೇನೂ ಉಳಿಯುವುದಿಲ್ಲ. ಆಡುವಾಗ ಡಿಸ್ಕ್ ಒಳಗೆ ಇರಲೂಬೇಕು. ಹೆಚ್ಚೂ ಕಡಿಮೆ ಮನೆ ಬೀಗದ ಕೈ ಇದ್ದ ಹಾಗೆ. ಆದರೆ ಆ ಕೀ ನಮ್ಮದು. ಆಡಿ ಮುಗಿಸಿ ಮಾರಬಹುದು, ಗೆಳೆಯನಿಗೆ ಕೊಡಬಹುದು. ಆನ್‌ಲೈನ್ ಸ್ಟೋರ್‌ನಲ್ಲಿ ಕೊಂಡ ಗೇಮ್ ಬೇಸರ ಬಂದರೂ ಅಲ್ಲೇ ಬಿದ್ದಿರುತ್ತದೆ.

ನಾನು ಹಾಲಿನ ಲೆಕ್ಕ ಬರೆಯುವ ಪುಸ್ತಕದ ಕೊನೆ ಹಾಳೆಯಲ್ಲಿ ಇದನ್ನೂ ಬರೆದಿಟ್ಟಿದ್ದೇನೆ. ಇಲ್ಲಿಯವರೆಗೆ 21 ಡಿಸ್ಕ್, ಹೆಚ್ಚಿನವು ಸೆಕೆಂಡ್ ಹ್ಯಾಂಡ್. ಕೊಟ್ಟದ್ದು 44,300 ರೂಪಾಯಿ, ಮಾರಿ ಬಂದದ್ದು 29,800. ಅಂದರೆ ಒಂದೊಂದು ಗೇಮ್ ಸುಮಾರು 690 ರೂಪಾಯಿಗೆ ಬಿತ್ತು. ಐದು ಡಿಸ್ಕ್ ಇನ್ನೂ ನನ್ನ ಹತ್ತಿರವೇ ಇವೆ. ಹೊಸ ದೊಡ್ಡ ಗೇಮ್ ಒಂದಕ್ಕೇ 4,999 ಕೇಳುತ್ತಾರೆ! ಹಳೇ ಪಿಎಸ್4 (ಪ್ಲೇಸ್ಟೇಷನ್ 4) ಡಿಸ್ಕ್‌ಗಳೂ ಬಹುತೇಕ ಎಲ್ಲವೂ ಇದರಲ್ಲಿ ಓಡುತ್ತವೆ, ಅವು ಇನ್ನೂ ಅಗ್ಗ. ಕೆಲವನ್ನು ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ನಿಂದ ಭಾವಮೈದ ತಂದುಕೊಟ್ಟ. ಉಳಿದದ್ದು ಬಸ್ ಸ್ಟ್ಯಾಂಡ್ ವ್ಯಾಪಾರ. ಹುಬ್ಬಳ್ಳಿಯ ಹುಡುಗನೊಬ್ಬ ಬಸ್ ಇಳಿದು ಟೀ ಅಂಗಡಿ ಮುಂದೆ ನಿಲ್ಲುತ್ತಾನೆ. ಇಬ್ಬರೂ ಡಬ್ಬಿ ತೆರೆದು, ಮೊಬೈಲ್ ಟಾರ್ಚ್ ಹಚ್ಚಿ, ಡಿಸ್ಕನ್ನು ಓರೆ ಹಿಡಿದು ಗೀರು ಹುಡುಕುತ್ತೇವೆ. ನೋಡಿದವರು ಏನಂದುಕೊಳ್ಳುತ್ತಾರೋ!

ಇದಕ್ಕಿಂತ ಹೆಚ್ಚು ಶಕ್ತಿಯ ಮಾಡೆಲ್ ಪಿಎಸ್5 ಪ್ರೊ ಬರಲಿಲ್ಲವಲ್ಲ ಅಂತ ಕೊರಗುವವರಿಗೆ ಒಂದು ಮಾತು. 2024ರ ನವೆಂಬರ್‌ನಲ್ಲಿ ಬೇರೆ ದೇಶಗಳಲ್ಲಿ ಬಂದಾಗ ನಮ್ಮಲ್ಲಿ ಅದನ್ನು ಬಿಡಲಿಲ್ಲ. ಅದರ ವೈಫೈ ಬಳಸುವ 6 ಗಿಗಾಹರ್ಟ್ಸ್ ತರಂಗಕ್ಕೆ ಆಗ ಇಲ್ಲಿ ಅನುಮತಿ ಇರಲಿಲ್ಲ. ಅದರಲ್ಲಿ ಡಿಸ್ಕ್ ಡ್ರೈವ್ ಇಲ್ಲ, ಬೇರೆ ಕೊಳ್ಳಬೇಕು. ನನಗಂತೂ ನಷ್ಟವೇನೂ ಕಾಣಲಿಲ್ಲ.

ಕಂಟ್ರೋಲರ್ ಬಗ್ಗೆ ಎಷ್ಟು ಹೇಳಿದರೂ ಕೈಯಲ್ಲಿ ಹಿಡಿಯದೆ ಗೊತ್ತಾಗುವುದಿಲ್ಲ. ಗ್ರ್ಯಾನ್ ಟುರಿಸ್ಮೊ 7ರಲ್ಲಿ ಬ್ರೇಕ್ ಒತ್ತಿದರೆ ಬೆರಳಿಗೆ ಬಿಗಿಯಾಗುತ್ತದೆ, ಚಕ್ರ ಜಾರಿದರೆ ಅದುರುತ್ತದೆ. ಅದು ಬಿಟ್ಟರೆ ಹೆಬ್ಬೆರಳಲ್ಲಿ ತಿರುಗಿಸುವ ಸ್ಟಿಕ್ ತಾನಾಗಿ ಒಂದು ಕಡೆ ಎಳೆಯುವ ಡ್ರಿಫ್ಟ್ ರೋಗದ ಭಯ ಇದ್ದೇ ಇದೆ. ಒಳಗೆ ಉಜ್ಜಿ ಉಜ್ಜಿ ಸವೆಯುವ ಭಾಗ ಇರುವ ಸ್ಟಿಕ್‌ಗೆಲ್ಲ ಅದು ಬರಬಹುದು. ನನ್ನದಕ್ಕೆ ಇನ್ನೂ ಬಂದಿಲ್ಲ, ದೃಷ್ಟಿ ತಾಗದಿರಲಿ.

ಸರಿ, ವಾರಂಟಿ. 2024ರ ಮೇ ಮೊದಲ ವಾರ, ಭರಣಿ ಮಳೆ. ಎಲ್ಲೋ ಹತ್ತಿರದಲ್ಲೇ ಸಿಡಿಲು ಬಡಿಯಿತು. ಸ್ವಿಚ್ ಎಲ್ಲ ಆಫ್ ಮಾಡಿದ್ದೆ, ಕೇಬಲ್ ಟಿವಿ ವೈರ್ ಕಿತ್ತಿಡುವುದು ಮಾತ್ರ ಮರೆತಿದ್ದೆ. ಅದರಿಂದ ಸೆಟ್‌ಟಾಪ್ ಬಾಕ್ಸ್, ಅಲ್ಲಿಂದ ಟಿವಿ, ಟಿವಿಯಿಂದ ಎಚ್‌ಡಿಎಂಐ ವೈರ್ ಹಿಡಿದು ಕನ್ಸೋಲ್. ಬಾಕ್ಸ್ ಸತ್ತೇ ಹೋಯಿತು. ಪಿಎಸ್5 ಬೀಪ್ ಅನ್ನುತ್ತದೆ, ಬಿಳಿ ಲೈಟ್ ಹತ್ತುತ್ತದೆ, ಟಿವಿಯಲ್ಲಿ ಮಾತ್ರ 'ನೋ ಸಿಗ್ನಲ್'. ತಪ್ಪು ಮೆಷಿನ್‌ದಲ್ಲ, ನನ್ನದು ಮತ್ತು ಮಳೆಯದು.

ಮಾರುವಾಗ ಶೋರೂಮ್‌ನವರು "ಕರೆಂಟ್ ಏರುಪೇರಾಗಿ ಸುಟ್ಟರೂ ಕವರ್ ಆಗುತ್ತೆ ಸರ್" ಎಂದು ಪಾಂಪ್ಲೆಟ್‌ನ ಆ ಸಾಲಿಗೆ ಪೆನ್ನಿನಲ್ಲಿ ಗೆರೆ ಎಳೆದು ತೋರಿಸಿದ್ದರು. ಈಗ ಕೌಂಟರ್ ಹುಡುಗ ಅದೇ ಪಾಂಪ್ಲೆಟ್ ನೋಡಿ "ಸಿಡಿಲು ಬೇರೆ, ಏರುಪೇರು ಬೇರೆ ಸರ್" ಅಂದ. ಮುಂದಿನ ವಾರ "ಡಬ್ಬ ತಂದಿಲ್ವಾ?" ಅದರ ಮುಂದಿನ ವಾರ ಬಿಲ್. ತೆಗೆದರೆ ಬರೀ ಬಿಳಿ ಕಾಗದ! ಮೆಷಿನ್‌ನಲ್ಲಿ ಹೊಡೆದ ಆ ನುಣುಪು ಬಿಲ್‌ನ ಅಕ್ಷರ ಎರಡು ವರ್ಷದಲ್ಲಿ ಪೂರ್ತಿ ಮಾಸಿತ್ತು. ಪುಣ್ಯಕ್ಕೆ ಕೊಂಡ ದಿನವೇ ಫೋಟೋ ತೆಗೆದಿಟ್ಟಿದ್ದೆ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನ ಟಾರ್ಗೆಟ್ ಇರುವುದು ವಾರಂಟಿ ಮಾರುವುದಕ್ಕೆ, ಕ್ಲೇಮ್ ಕೊಡಿಸುವುದಕ್ಕಲ್ಲ.

1915ಕ್ಕೆ ಫೋನ್ ಮಾಡಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ದೂರಿನ ನಂಬರ್ ಬಂತು. ಆ ನಂಬರ್ ಹಾಕಿ ಶೋರೂಮ್‌ನ ಹೆಡ್ ಆಫೀಸಿಗೆ ಒಂದು ಮೇಲ್ ಕಳಿಸಿದೆ. ಜೊತೆಗೆ ಗೆರೆ ಎಳೆದ ಪಾಂಪ್ಲೆಟ್ ಫೋಟೋ. ಕೊನೆಗೆ ಒಂದು ಸಾಲು: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೇಸು ಹಾಕಬಹುದು, 5 ಲಕ್ಷದೊಳಗಿನದ್ದಕ್ಕೆ ಶುಲ್ಕವೂ ಇಲ್ಲ. ಒಂಬತ್ತನೇ ದಿನ ಫೋನ್ ಬಂತು, ದನಿಯಲ್ಲಿ ಬೆಲ್ಲ. ಮೂರು ವಾರದಲ್ಲಿ ರಿಪೇರಿಯಾಗಿ ಬಂತು, ಒಂದು ರೂಪಾಯಿ ಕೇಳಲಿಲ್ಲ. ಸಿಡಿಲೂ ಏರುಪೇರೂ ಅಷ್ಟರೊಳಗೆ ಒಂದೇ ಆಗಿದ್ದವು.

ಮೆಷಿನ್‌ಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಅಂಗಡಿಗೆ ಒಂದು. ಈಗ ಕೊಳ್ಳುವವರಿಗೆ 2024ರ ಏಪ್ರಿಲ್‌ನಲ್ಲಿ ಇಲ್ಲಿಗೆ ಬಂದ ಸ್ಲಿಮ್ ಮಾಡೆಲ್ ಸಾಕು, ಗಾತ್ರವೂ ಕಡಿಮೆ. ಡಿಸ್ಕ್ ಡ್ರೈವ್ ಇರುವುದನ್ನೇ ತಗೊಳ್ಳಿ. ಬಿಲ್‌ನ ಫೋಟೋ ಅಂಗಡಿಯಲ್ಲೇ ತೆಗೆಯಿರಿ.

ಸದ್ಯ ಡ್ರೈವ್‌ನಲ್ಲಿರುವುದು ಕ್ರಿಕೆಟ್ 24. ಅದು ನಮ್ಮ ಆಫೀಸಿನವರದ್ದು. ಎರಡು ಸಲ ವಾಪಸ್ ಕೇಳಿದ್ದಾರೆ. ಮಗ ಇನ್ನೂ ಒಂದು ಟೆಸ್ಟ್ ಸರಣಿ ಬಾಕಿ ಇದೆ ಅನ್ನುತ್ತಿದ್ದಾನೆ.