ಛಾವಣಿ ಮೇಲೆ ಗಂಟೆ: ಟಾರ್ಡಿಸ್, ಡಾಲೆಕ್ ಮತ್ತು ಒಂದು ಸಾದಾ ಡಬ್ಬಿ

ಹೋದ ಚಳಿಗಾಲದಲ್ಲಿ ನಮ್ಮ ಮಂಚದ ಪಕ್ಕ ಒಟ್ಟಿಗೆ ಮೂರು ಅಲಾರಂ ಗಡಿಯಾರಗಳಿದ್ದವು. ಮೂರೂ ಪ್ರೊಜೆಕ್ಷನ್ ಗಡಿಯಾರಗಳೇ, ಅಂದರೆ ಗಂಟೆಯನ್ನು ಕತ್ತಲಲ್ಲಿ ಛಾವಣಿ ಮೇಲೆ ಬೆಳಕಾಗಿ ಬೀಳಿಸುವಂಥವು. ಕಣ್ಣು ಬಿಟ್ಟರೆ ಸಾಕು, ಕತ್ತು ತಿರುಗಿಸೋದೂ ಬೇಡ. ನಾವಿರುವುದು ಬ್ರಿಟನ್ನಿನ ಕಾರ್ಡಿಫ್‌ನಲ್ಲಿ, ಡಿಸೆಂಬರ್‌ನಲ್ಲಿ ಇಲ್ಲಿ ಸೂರ್ಯ ಹುಟ್ಟುವುದೇ ಎಂಟು ಗಂಟೆ ಮೇಲೆ. ನನ್ನ ಶಿಫ್ಟಿಗೆ ಐದೂವರೆಗೆ ಏಳಬೇಕು. ಹಾಗಾಗಿ ಇದು ಬರೀ ಶೋಕಿ ಅಲ್ಲ.

ಪೂರ್ತಿ ಶೋಕಿ ಇಲ್ಲ ಅಂತಲೂ ಹೇಳಲಾರೆ. ‘ಡಾಕ್ಟರ್ ಹೂ’ ಹುಚ್ಚು ನನಗೆ ಹತ್ತಿದ್ದು ಈ ಊರಿಗೆ ಬಂದ ಮೇಲೆ. 1963ರ ನವೆಂಬರ್‌ನಲ್ಲಿ ಬಿಬಿಸಿಯಲ್ಲಿ ಶುರುವಾದ ಧಾರಾವಾಹಿ ಅದು. ನಡುವೆ ಹಲವು ವರ್ಷ ನಿಂತು 2005ರಲ್ಲಿ ಮತ್ತೆ ಬಂತು, ಆಗಿನಿಂದ ತಯಾರಾಗುವುದು ಕಾರ್ಡಿಫ್‌ನಲ್ಲಿ. ಡಾಕ್ಟರ್ ಅನ್ನೋ ಅನ್ಯಗ್ರಹದವನು ಟಾರ್ಡಿಸ್ ಎಂಬ ನೀಲಿ ಪೆಟ್ಟಿಗೆಯೊಳಗೆ ಕೂತು ಕಾಲದಲ್ಲಿ ಹಿಂದೆ ಮುಂದೆ ಓಡಾಡುತ್ತಾನೆ. ಲೋಹದ ಕವಚದೊಳಗೆ ಕೂತಿರುವ ಡಾಲೆಕ್‌ಗಳು ಅವನ ಹಳೇ ವೈರಿಗಳು. ಕಾಲದಲ್ಲಿ ಓಡಾಡುವ ಪೆಟ್ಟಿಗೆಯನ್ನು ಗಡಿಯಾರ ಮಾಡಿ ಮಾರೋದು ಯಾರಿಗಾದರೂ ಹೊಳೆಯುವಂಥದ್ದೇ ಅಲ್ವಾ?

ಆ ಟಾರ್ಡಿಸ್ ಗಡಿಯಾರ ನನಗೆ ಹುಟ್ಟುಹಬ್ಬಕ್ಕೆ ಸಿಕ್ಕಿತು. ಒಂದು ಗೇಣು ಎತ್ತರ, ಚೆಂದದ ನೀಲಿ. ಈ ಪೆಟ್ಟಿಗೆ ಧಾರಾವಾಹಿಯವರ ಕಲ್ಪನೆಯಲ್ಲ. ಲಂಡನ್ನಿನ ಬೀದಿಗಳಲ್ಲಿ ಇಂಥ ಪೊಲೀಸ್ ಪೆಟ್ಟಿಗೆಗಳು ನಿಜವಾಗಿಯೂ ಇದ್ದವು. ಒಳಗೊಂದು ಫೋನ್, ತಲೆ ಮೇಲೊಂದು ದೀಪ. ದೀಪ ಮಿನುಗಿದರೆ ಗಸ್ತಿನ ಪೇದೆ ಬಂದು ಠಾಣೆಗೆ ಫೋನ್ ಮಾಡಬೇಕು. ಗಡಿಯಾರ ಮಾಡಿದವರು ಆ ದೀಪದ ಜಾಗದಲ್ಲೇ ಲೆನ್ಸ್ ಕೂರಿಸಿದ್ದಾರೆ. ನೋಡಿದಾಗ ಭೇಷ್ ಅನ್ನಿಸಿತು. ರಾತ್ರಿ ಆದಾಗ ಗೊತ್ತಾಯಿತು, ಲೆನ್ಸ್ ಅಲ್ಲಾಡುವುದಿಲ್ಲ. ಅಂಕಿ ಬೀಳೋದು ಟೇಬಲ್ಲಿನ ನೆತ್ತಿಗೆ ಸರಿಯಾಗಿ, ನನ್ನ ತಲೆ ಮೇಲಲ್ಲ. ಅದೂ ತಲೆಕೆಳಗು. ನೆಟ್ಟಗೆ ಕಾಣಬೇಕಾದರೆ ಪೆಟ್ಟಿಗೆಯ ಬಾಗಿಲನ್ನು ಗೋಡೆ ಕಡೆ ತಿರುಗಿಸಬೇಕು. ಇಷ್ಟು ಚೆಂದದ ವಸ್ತು ತಂದು ಅದರ ಬೆನ್ನು ನೋಡಿಕೊಂಡು ಮಲಗೋದು! ಜೊತೆಗೆ ಅಂಕಿಯ ಬೆಳಕೂ ನೀಲಿ. ನಿದ್ದೆಗೆ ಎಲ್ಲಕ್ಕಿಂತ ಜಾಸ್ತಿ ಅಡ್ಡ ಬರೋದು ನೀಲಿ ಬೆಳಕೇ. ಗಂಡ ಎರಡನೇ ರಾತ್ರಿಯೇ ದಿಂಬನ್ನು ಮುಖದ ಮೇಲೆ ಹಾಕಿಕೊಂಡರು.

ಇದರ ಅಲಾರಂ ಅಂದರೆ ಟಾರ್ಡಿಸ್ ಬಂದಿಳಿಯುವ ಆ ಏದುಸಿರಿನ ಸದ್ದು. ಬಿಬಿಸಿಯ ಧ್ವನಿ ಕಾರ್ಯಾಗಾರದಲ್ಲಿದ್ದ ಬ್ರಯನ್ ಹಾಡ್ಜ್‌ಸನ್ ತನ್ನ ಅಮ್ಮನ ಮನೆ ಬೀಗದ ಕೈ ತಂದು ಹಳೇ ಪಿಯಾನೋದ ತಂತಿ ಮೇಲೆ ಕೆರೆದು, ಅದನ್ನು ಟೇಪಿನಲ್ಲಿ ತಿರುಗಿಸಿ ಮುರುಗಿಸಿ ಮಾಡಿದ ಸದ್ದು. ನನಗೆ ಅದು ಪ್ರಾಣ. ತೊಂದರೆ ಆಗಿದ್ದೂ ಅಲ್ಲೇ. ಐದೂವರೆಗೆ ಅದು ಕೂಗಿದರೆ ನನ್ನ ಕನಸಿನೊಳಗೆ ಟಾರ್ಡಿಸ್ ಬಂದಿಳಿಯುತ್ತದೆ, ನಾನು ಖುಷಿಯಾಗಿ ಹತ್ತಿ ಹೊರಟುಬಿಡುತ್ತೇನೆ. ಒಂದೇ ವಾರದಲ್ಲಿ ಎರಡು ಸಲ ಬಸ್ಸು ತಪ್ಪಿತು.

ಡಾಲೆಕ್ ಗಡಿಯಾರ ಸಿಕ್ಕಿದ್ದು ಹಳೇ ಸಾಮಾನಿನ ಅಂಗಡಿಯಲ್ಲಿ, 4 ಪೌಂಡಿಗೆ. ಲೆನ್ಸ್ ಇರೋದು ಹಣೆಯಿಂದ ಚಾಚಿದ ಕಣ್ಣಿನ ಕೋಲಿನಲ್ಲಿ. ಕೋಲನ್ನು ಮೇಲೆ ಕೆಳಗೆ ಮಾಡಬಹುದು, ಹಾಗಾಗಿ ಅಂಕಿಯನ್ನು ಬೇಕಾದ ಕಡೆ ಬೀಳಿಸಬಹುದು. ಈ ವಿಷಯದಲ್ಲಿ ಟಾರ್ಡಿಸ್ ಸೋತಿತು. ಆದರೆ ಅಂಗಡಿಯವರ ಹತ್ತಿರ ಅಡಾಪ್ಟರ್ ಇರಲಿಲ್ಲ, ಸೆಲ್ಲಿನ ಮೇಲೆ ಓಡಿಸಬೇಕು. ಪ್ರೊಜೆಕ್ಷನ್ ದೀಪ ಸೆಲ್ಲನ್ನು ಬೇಗ ಹೀರುತ್ತದೆ ಅಂತ ಸೆಲ್ಲಿನಲ್ಲಿದ್ದಾಗ ಅಂಕಿ ಸದಾ ಕಾಣುವುದಿಲ್ಲ. ತಲೆ ಒತ್ತಿದರೆ ಐದು ಸೆಕೆಂಡು ಕಂಡು ಆರಿಹೋಗುತ್ತದೆ. ಧ್ವನಿಯ ಗುಂಡಿ ತಲೆಯ ಪಕ್ಕದಲ್ಲೇ ಇದೆ. ನಡುರಾತ್ರಿ ಎರಡಕ್ಕೆ ಗಂಟೆ ನೋಡಲು ಕೈ ಚಾಚಿದೆ, ಬೆರಳು ಜಾರಿತು. ‘ಎಕ್ಸ್‌ಟರ್ಮಿನೇಟ್!’ ಅಂದರೆ ‘ನಿರ್ನಾಮ ಮಾಡು!’ ಅಂತ ಡಾಲೆಕ್ ಅರಚಿತು. ಆಗ ಅಮ್ಮ ಶಿವಮೊಗ್ಗದಿಂದ ಮೂರು ತಿಂಗಳಿಗೆ ಬಂದಿದ್ದರು. ಪಕ್ಕದ ಕೋಣೆಯಿಂದ ಕೂಗಿದರು, ‘ಎಂತದೇ ಅದು? ಯಾರು ಇಷ್ಟೊತ್ತಲ್ಲಿ ಬೈತಿರೋದು?’

ಮನುಷ್ಯರ ದನಿಯನ್ನೇ ರಿಂಗ್ ಮಾಡ್ಯುಲೇಟರ್ ಎಂಬ ಉಪಕರಣದಲ್ಲಿ ಹಾಯಿಸಿ ಡಾಲೆಕ್ ದನಿ ಮಾಡುತ್ತಾರೆ. ತಗಡಿನ ಡಬ್ಬದೊಳಗೆ ಕೂತು ಯಾರೋ ಸಿಟ್ಟಿನಿಂದ ಒದರಿದ ಹಾಗೆ. ಕನಸಿನಲ್ಲಿ ಇದಕ್ಕೆ ಜಾಗವೇ ಇಲ್ಲ. ಮೊದಲ ಕೂಗಿಗೇ ಎದ್ದು ಕೂರುತ್ತೇನೆ. ಇಷ್ಟವಾದ ಸದ್ದನ್ನು ಅಲಾರಂ ಮಾಡಿಕೊಳ್ಳಬೇಡಿ. ಅಭಿಮಾನಿಗಳು ಕೊಳ್ಳಬೇಕಾದದ್ದು ವೈರಿಯ ಗಡಿಯಾರವನ್ನು.

ಮೂರನೆಯದು ಗಂಡ ತಂದಿಟ್ಟ ಕಪ್ಪು ಡಬ್ಬಿ. ಹೇಳಿಕೊಳ್ಳುವಂಥ ರೂಪವೇನಿಲ್ಲ, ಬರೀ ಬೀಪ್ ಬೀಪ್. ಆದರೆ ಲೆನ್ಸ್ ತಿರುಗುತ್ತದೆ, ಒಂದು ಗುಂಡಿ ಒತ್ತಿದರೆ ಅಂಕಿ ತಲೆಕೆಳಗಿನಿಂದ ನೆಟ್ಟಗಾಗುತ್ತದೆ. ಬೆಳಕು ಕೆಂಪು, ಅದನ್ನೂ ಮಂಕು ಮಾಡಬಹುದು. ಅಡಾಪ್ಟರ್ ಜೊತೆಗೇ ಬಂತು. ಎಲ್ಲಕ್ಕಿಂತ ಹೆಚ್ಚಾಗಿ ಗಂಟೆಯನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಇಂಗ್ಲೆಂಡಿನ ಕಂಬ್ರಿಯಾದಲ್ಲಿ ಆ್ಯಂಥಾರ್ನ್ ಅಂತ ಒಂದು ಜಾಗ. ಅಲ್ಲಿಂದ 60 ಕಿಲೋಹರ್ಟ್ಸ್‌ನಲ್ಲಿ ಸಮಯದ ರೇಡಿಯೋ ಸಂಕೇತ ಬರುತ್ತಿರುತ್ತದೆ, ಡಬ್ಬಿ ರಾತ್ರಿ ಅದನ್ನು ಹಿಡಿಯುತ್ತದೆ. ಅಕ್ಟೋಬರ್‌ನ ಕೊನೆ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಹಾಕುತ್ತಾರೆ. ಡಬ್ಬಿ ಸುಮ್ನೆ ತನ್ನಷ್ಟಕ್ಕೆ ಹಿಂದೆ ಹೋಯಿತು. ಕಾಲದಲ್ಲಿ ಹಿಂದೆ ಹೋಗೋದೇ ಕಸುಬಾದ ಟಾರ್ಡಿಸ್‌ಗೆ ಅದು ಗೊತ್ತಾಗಲಿಲ್ಲ. ಅಡಿಯಲ್ಲಿದ್ದ ಎರಡು ಗುಂಡಿಗಳನ್ನು ಪಿನ್ನಿನಿಂದ ಒತ್ತಿ ಒತ್ತಿ ನಾನೇ ಸರಿಮಾಡಿದೆ.

ನೀವು ಕೊಳ್ಳುವುದಾದರೆ ಡಬ್ಬದ ಮೇಲಿನ ಚಿತ್ರ ನೋಡಿ ಮರುಳಾಗಬೇಡಿ. ಲೆನ್ಸ್ ತಿರುಗುತ್ತದಾ, ಅಂಕಿ ತಿರುವಲು ಬರುತ್ತದಾ, ಅಡಾಪ್ಟರ್ ಜೊತೆಗಿದೆಯಾ ಅಂತ ನೋಡಿ. ನಾನು ಈ ಮೂರನ್ನೂ ಕೇಳಿರಲಿಲ್ಲ.

ಈಗ ಟಾರ್ಡಿಸ್ ಹಾಲ್‌ನ ಪುಸ್ತಕದ ಕಪಾಟಿನಲ್ಲಿದೆ, ಬಾಗಿಲು ಈಚೆ ಮುಖ ಮಾಡಿಕೊಂಡು. ಡಾಲೆಕ್ ಬೀರುವಿನ ಮೇಲಿದೆ, ಎದ್ದು ನಡೆದುಹೋಗಿಯೇ ಬಾಯಿ ಮುಚ್ಚಿಸಬೇಕು. ಕಪ್ಪು ಡಬ್ಬಿಯನ್ನು ಅಮ್ಮ ಕೇಳಿ ತೆಗೆದುಕೊಂಡು ಹೋದರು. ಎರಡೂ ಕಡೆ 230 ವೋಲ್ಟೇ, ಪ್ಲಗ್ಗಿನ ಪಿನ್ ಮಾತ್ರ ಬೇರೆ. ಶಿವಮೊಗ್ಗಕ್ಕೆ ಆ್ಯಂಥಾರ್ನ್ ಸಂಕೇತ ಬರುವುದಿಲ್ಲ, ನನ್ನ ತಮ್ಮ ಕೈಯಲ್ಲೇ ಗಂಟೆ ಇಟ್ಟುಕೊಟ್ಟ. ನಾನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದದ್ದು ಫ್ಯಾನು. ಅಮ್ಮನ ಮಂಚದ ಮೇಲೆ ಸರಿಯಾಗಿ ಸೀಲಿಂಗ್ ಫ್ಯಾನ್ ಇದೆ, ಕೆಂಪು ಅಂಕಿ ಅದರ ರೆಕ್ಕೆಗಳಲ್ಲಿ ಚೂರುಚೂರಾಗಿ ನಡುಗುತ್ತಿತ್ತಂತೆ. ಕೊನೆಗೆ ಲೆನ್ಸನ್ನು ಗೋಡೆಗೆ ತಿರುಗಿಸಿ ಕ್ಯಾಲೆಂಡರ್ ಪಕ್ಕ ಬೀಳಿಸಿಕೊಂಡಿದ್ದಾರೆ.

ಅಲಾರಂ ಎಷ್ಟಕ್ಕೆ ಇಟ್ಟಿದ್ದೀರಿ ಅಂತ ಫೋನಿನಲ್ಲಿ ಕೇಳಿದೆ. ‘ಅಲಾರಂ ಎಂತಕ್ಕೆ? ನಾಲ್ಕೂವರೆಗೆ ಎಚ್ಚರ ಆಗೇ ಆಗ್ತದೆ. ಆದಮೇಲೆ ಎಷ್ಟೊತ್ತು ಬಿದ್ಕೊಂಡಿರಬೋದು ಅಂತ ನೋಡೋಕೆ ಇದು.’