ಎಸಿ1200 ಗಿಗಾಬಿಟ್ ರೂಟರ್, ದೀರ್ಘ ಬಳಕೆಯ ವಿಮರ್ಶೆ: ಪ್ಲಾನ್ ಫಾಸ್ಟ್ ಇದ್ದರೂ ಸ್ಪೀಡ್ ಎಲ್ಲಿ ಸೋರುತ್ತದೆ?

ಅಂಕ: 5ಕ್ಕೆ 3.5. ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆಗಾಗಿ ಒಂದು ಅಂಕ ಕಟ್, ಜೊತೆಗೆ ಬರುವ ಕೇಬಲ್ ಮತ್ತು ಅಡಾಪ್ಟರ್‌ಗಾಗಿ ಇನ್ನರ್ಧ. ರೂಟರ್ ಮಟ್ಟಿಗೆ ಹೇಳುವುದಾದರೆ ಗಟ್ಟಿ ಸಾಮಾನು. "ರೂಟರ್ ಹಳೇದಾಯ್ತು, ನೆಟ್ ಸ್ಲೋ ಆಯ್ತು" ಎನ್ನುವ ದೂರುಗಳ ಬೆನ್ನು ಹತ್ತಿದರೆ ಹೆಚ್ಚಾಗಿ ಸಿಗುವುದು ಒಳಗಿನ ಚಿಪ್ ಅಲ್ಲ. ಪ್ಲಗ್, ಸೆಟ್ಟಿಂಗ್ ಅಥವಾ ಅಡಾಪ್ಟರ್.

ಮೊದಲು ಇದು ಯಾವ ಬಗೆಯದು ಎಂದು ಹೇಳಿಬಿಡುತ್ತೇನೆ. ವೈಫೈ 5, ಎರಡು ಬ್ಯಾಂಡ್ (2.4 ಮತ್ತು 5 ಗಿಗಾಹರ್ಟ್ಸ್), ನಾಲ್ಕು ಆಂಟೆನಾ, ಇಂಟರ್ನೆಟ್ ಲೈನ್ ಒಳಬರುವ ಒಂದು ವ್ಯಾನ್ ಪೋರ್ಟ್, ಮನೆಯ ಸಾಧನಗಳಿಗೆ ನಾಲ್ಕು ಲ್ಯಾನ್ ಪೋರ್ಟ್, ಐದೂ ಗಿಗಾಬಿಟ್ (1000 ಮೆಗಾಬಿಟ್). ಇದೇ ಬಗೆಯ ರೂಟರನ್ನು ಹತ್ತಾರು ಹೆಸರಿನಲ್ಲಿ ಮಾರುತ್ತಾರೆ, ಒಳಗೆ ಹೆಚ್ಚು ವ್ಯತ್ಯಾಸವಿಲ್ಲ. ಹಾಗಾಗಿ ಕೆಳಗಿನದು ನಿಮ್ಮ ರೂಟರಿಗೂ ಬಹುಪಾಲು ಒಪ್ಪುತ್ತದೆ. 300ರಿಂದ 500 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಪ್ಲಾನಿಗೆ ಇದು ಸಾಕು.

ಈಗ ಆ 1200. ಇದು 2.4 ಗಿಗಾಹರ್ಟ್ಸ್‌ನ 300 ಮತ್ತು 5 ಗಿಗಾಹರ್ಟ್ಸ್‌ನ 867 ಕೂಡಿಸಿ, ಮೇಲಕ್ಕೆ ದುಂಡಾಗಿಸಿದ ಲೆಕ್ಕ. ಸಾಮಾನ್ಯವಾಗಿ ಒಂದು ಮೊಬೈಲಿಗೆ ಎರಡೂ ಒಟ್ಟಿಗೆ ಸಿಗುವುದಿಲ್ಲ. 867 ಕೂಡ ರೇಡಿಯೋ ಲಿಂಕಿನ ವೇಗವೇ ಹೊರತು ಡೌನ್‌ಲೋಡ್ ವೇಗವಲ್ಲ. ವೈಫೈನಲ್ಲಿ ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು, ಪ್ರತಿ ಮಾತಿಗೂ ಉತ್ತರ ಬರಬೇಕು; ಅದರಲ್ಲೇ ಮೂರನೇ ಒಂದು ಪಾಲು ಅಥವಾ ಅದಕ್ಕಿಂತ ಹೆಚ್ಚು ಹೋಗುತ್ತದೆ. ಎರಡು ಆಂಟೆನಾ ಇರುವ ಲ್ಯಾಪ್‌ಟಾಪಿಗೆ ಅದೇ ಕೋಣೆಯಲ್ಲಿ 500ರ ಆಸುಪಾಸು ಬಂದರೆ ರೂಟರ್ ತನ್ನ ಕೆಲಸ ಮಾಡಿದೆ. ಒಂದೇ ಆಂಟೆನಾದ ಅಗ್ಗದ ಫೋನಿನ ಲಿಂಕ್ 433ಕ್ಕೇ ನಿಲ್ಲುವುದರಿಂದ ಅದರಲ್ಲಿ 250ರಿಂದ 300 ಕಂಡರೆ ಅದೇ ಅದರ ಮಿತಿ. ಅದಕ್ಕೆ ರೂಟರ್ ಬದಲಿಸಿ ಫಲವಿಲ್ಲ.

ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. ಅದೇ 1200 ಎಂಬ ಹೆಸರಿನಲ್ಲಿ 100 ಮೆಗಾಬಿಟ್ ಪೋರ್ಟ್‌ಗಳ ಮಾಡೆಲ್‌ಗಳೂ ಬರುತ್ತವೆ. ಗಾಳಿಯಲ್ಲಿ 867, ಒಳಗೆ ಬರುವ ಬಾಗಿಲು ಮಾತ್ರ 100! ಕೊಳ್ಳುವಾಗ ವಿವರಪಟ್ಟಿಯಲ್ಲಿ ಪೋರ್ಟ್ ಎದುರು 10/100/1000 ಎಂದಿದೆಯೇ ನೋಡಿ. 10/100 ಎಂದಷ್ಟೇ ಇದ್ದರೆ ಯಾವ ಸೆಟ್ಟಿಂಗ್ ತಿರುಗಿಸಿದರೂ 95 ದಾಟುವುದಿಲ್ಲ.

ಸ್ಪೀಡ್ ಎಲ್ಲಿ ಹೋಗುತ್ತಿದೆ ಎಂದು ತಿಳಿಯಲು ಒಂದು ಕ್ರಮ ಇದೆ, ಅದನ್ನು ತಪ್ಪಿಸಿದರೆ ಇಡೀ ದಿನ ಗೊಂದಲ. ಮೊದಲು ಫೈಬರ್ ಬಂದು ಸೇರುವ ಓಎನ್‌ಟಿ ಪೆಟ್ಟಿಗೆಯಿಂದ ನೇರ ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ ಅಳೆಯಿರಿ. ಪಿಪಿಪಿಒಇ (ಸೇವೆ ಕೊಡುವವರು ಕೊಟ್ಟ ಯೂಸರ್‌ನೇಮ್‌ನಿಂದ ಲೈನ್ ತೆರೆಯುವ ವಿಧಾನ) ಲಾಗಿನ್ ಆಗುವುದು ರೂಟರಿನಲ್ಲಾದರೆ ಆ ಯೂಸರ್‌ನೇಮ್, ಪಾಸ್‌ವರ್ಡನ್ನು ಲ್ಯಾಪ್‌ಟಾಪಿನಲ್ಲೇ ಕೊಟ್ಟು ಕನೆಕ್ಟ್ ಆಗಬೇಕು. ಕೆಲವು ಕಡೆ ಹೊಸ ಸಾಧನ ಕಂಡರೆ ಲೈನ್ ತೆರೆಯುವುದಿಲ್ಲ. ಓಎನ್‌ಟಿಯನ್ನು ಕೆಲವು ನಿಮಿಷ ಆಫ್ ಮಾಡಿ ಆನ್ ಮಾಡಿ ನೋಡಿ. ಆಮೇಲೆ ರೂಟರ್ ಮೂಲಕ ಕೇಬಲ್‌ನಲ್ಲಿ. ಆಮೇಲೆ ರೂಟರಿನಿಂದ ಎರಡು ಮೀಟರ್ ದೂರದಲ್ಲಿ 5 ಗಿಗಾಹರ್ಟ್ಸ್ ವೈಫೈನಲ್ಲಿ. ಕೊನೆಗೆ ನಿಮಗೆ ತೊಂದರೆ ಕೊಡುವ ಕೋಣೆಯಲ್ಲಿ. ಸಂಖ್ಯೆ ಯಾವ ಹೆಜ್ಜೆಯಲ್ಲಿ ಬಿತ್ತೋ ದೋಷ ಅಲ್ಲಿದೆ. ಮೊದಲ ಹೆಜ್ಜೆಯಲ್ಲೇ ಕಡಿಮೆ ಬಂದರೆ ಆ ಅಳತೆಯನ್ನೇ ಹಿಡಿದು ಸೇವೆ ಕೊಡುವವರಿಗೆ ದೂರು ಕೊಡಿ. "ವೈಫೈ ಸಮಸ್ಯೆ ಸಾರ್" ಎಂದು ಜಾರಿಕೊಳ್ಳಲು ಆಗುವುದಿಲ್ಲ.

ಅಳೆಯುವ ಮುಂಚೆ ವಿಪಿಎನ್ ಆಫ್ ಇರಲಿ, ಟಿವಿ ಮತ್ತು ಕ್ಲೌಡ್ ಬ್ಯಾಕಪ್ ನಿಲ್ಲಲಿ. ಲ್ಯಾಪ್‌ಟಾಪಿಗೆ ಯುಎಸ್‌ಬಿಯಿಂದ ಈಥರ್ನೆಟ್ ಮಾಡುವ ಡಾಂಗಲ್ ಬಳಸುತ್ತಿದ್ದರೆ ಅದನ್ನು ಯುಎಸ್‌ಬಿ 3 ಪೋರ್ಟಿಗೇ ಚುಚ್ಚಬೇಕು. ಯುಎಸ್‌ಬಿ 2 ಪೋರ್ಟಿನಲ್ಲಿ ಸುಮಾರು 300ಕ್ಕೆ ನಿಂತುಬಿಡುತ್ತದೆ. ಇನ್ನೊಂದು, ಡೌನ್‌ಲೋಡ್ ಕಿಟಕಿ ತೋರಿಸುವುದು ಮೆಗಾಬೈಟ್, ಒಂದು ಬೈಟ್ ಎಂದರೆ ಎಂಟು ಬಿಟ್. 300 ಎಂಬಿಪಿಎಸ್ ಪ್ಲಾನಿನಲ್ಲಿ ಅಲ್ಲಿ 37 ಕಂಡರೆ ಪೂರ್ತಿ ಸ್ಪೀಡ್ ಬರುತ್ತಿದೆ ಎಂದೇ ಅರ್ಥ.

ಫಲಿತಾಂಶ 94 ಅಥವಾ 95ಕ್ಕೆ ಅಂಟಿಕೊಂಡು, ಯಾವ ಹೊತ್ತಿನಲ್ಲಿ ಅಳೆದರೂ ಅಲ್ಲೇ ಇದ್ದರೆ ಬೇರೇನೂ ಯೋಚಿಸಬೇಡಿ, ಅದು 100 ಮೆಗಾಬಿಟ್ ಲಿಂಕ್. ಎರಡೂ ತುದಿಯ ಪೋರ್ಟ್ ಗಿಗಾಬಿಟ್ ಆಗಿದ್ದೂ ಹೀಗಾದರೆ ಕೇಬಲ್ ಕೆಟ್ಟಿದೆ. ಕಾರಣ ಸರಳ: ಗಿಗಾಬಿಟ್‌ಗೆ ಕೇಬಲಿನ ಎಂಟೂ ತಂತಿ ಬೇಕು, 100 ಮೆಗಾಬಿಟ್‌ಗೆ 1, 2, 3, 6ನೇ ಪಿನ್‌ಗಳ ನಾಲ್ಕೇ ಸಾಕು. ನೀಲಿ ಅಥವಾ ಕಂದು ಜೋಡಿಯಲ್ಲಿ ಒಂದು ಎಳೆ ತುಂಡಾದರೆ ಎರಡೂ ತುದಿಯ ಸಾಧನಗಳು ಸದ್ದಿಲ್ಲದೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ನೆಟ್ ನಿಲ್ಲುವುದಿಲ್ಲ, ದೀಪ ಉರಿಯುತ್ತಲೇ ಇರುತ್ತದೆ, ಹಾಗಾಗಿ ಯಾರಿಗೂ ಕೇಬಲ್ ಮೇಲೆ ಅನುಮಾನ ಬರುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಹೊಸ ರೂಟರ್ ತರುತ್ತಾರೆ, ಹಳೇ ಕೇಬಲನ್ನೇ ಅದಕ್ಕೆ ಚುಚ್ಚುತ್ತಾರೆ, 94 ಮತ್ತೆ ಹಾಜರ್.

ವಿಂಡೋಸ್‌ನಲ್ಲಿ ಈಥರ್ನೆಟ್ ಸೆಟ್ಟಿಂಗ್ ತೆರೆದರೆ ಲಿಂಕ್ ಸ್ಪೀಡ್ 1000/1000 ಅಥವಾ 100/100 ಎಂದು ಕಾಣುತ್ತದೆ. ಓಎನ್‌ಟಿ ಮತ್ತು ರೂಟರ್ ನಡುವಿನ ತುಂಡು ಕೇಬಲನ್ನು ಮರೆಯಬೇಡಿ. ಅದರ ಲಿಂಕ್ ರೂಟರಿನ ಅಡ್ಮಿನ್ ಪುಟದಲ್ಲಿ (ಬ್ರೌಸರ್‌ನಲ್ಲಿ ತೆರೆಯುವ ಸೆಟ್ಟಿಂಗ್ ಪುಟ) ವ್ಯಾನ್ ಸ್ಥಿತಿಯ ಕೆಳಗೆ ಸಿಗುತ್ತದೆ. ಪ್ಲಗ್ಗನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಎಂಟೂ ತಂತಿಗಳ ತುದಿ ಪ್ಲಾಸ್ಟಿಕ್‌ನ ಕೊನೆಯವರೆಗೆ ತಲುಪಿರಬೇಕು, ಹೊರಗಿನ ಸಿಪ್ಪೆ ಪ್ಲಗ್ಗಿನ ಒಳಗೆ ಹೋಗಿ ಕ್ಲಿಪ್ಪಿನಡಿ ಸಿಕ್ಕಿರಬೇಕು. ಸಿಪ್ಪೆ ಹೊರಗೇ ನಿಂತು ಬಣ್ಣದ ತಂತಿಗಳು ಇಣುಕುತ್ತಿದ್ದರೆ ಎಳೆತವೆಲ್ಲ ತಾಮ್ರದ ಮೇಲೆ ಬೀಳುತ್ತದೆ. ಅದು ಕೆಡುವುದು ಖಾತ್ರಿ. ಜೊತೆಗೆ ಕೊಡುವ ಕೆಲವು ಕೇಬಲ್‌ಗಳಲ್ಲಿ ಇರುವುದೇ ನಾಲ್ಕು ತಂತಿ, ಅದನ್ನು ನೇರ ಕಸಕ್ಕೆ ಹಾಕಿ.

ಹೊಸ ಪ್ಲಗ್ ಹಾಕುವುದಾದರೆ ತುದಿಯಿಂದ ಎರಡು ಇಂಚು ಕತ್ತರಿಸಿ ಬಿಸಾಡಿ. ಪ್ಲಗ್ಗಿನ ಚಿನ್ನದ ಪಿನ್‌ಗಳು ಮೇಲೆ, ತೆರೆದ ಬಾಯಿ ನಿಮ್ಮ ಕಡೆಗೆ ಇರುವಂತೆ ಹಿಡಿದು ಎಡದಿಂದ ಬಲಕ್ಕೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಜೋಡಿಗಳ ಹೆಣಿಗೆಯನ್ನು 13 ಮಿಲಿಮೀಟರ್‌ಗಿಂತ ಹೆಚ್ಚು ಬಿಚ್ಚಬಾರದು. ಕ್ಯಾಟ್ 5ಇ ದರ್ಜೆಯ ಕೇಬಲ್ ಸಾಕು, 100 ಮೀಟರ್‌ವರೆಗೆ ಗಿಗಾಬಿಟ್ ಎಳೆಯುತ್ತದೆ. ಆದರೆ ಅದು ಪೂರ್ತಿ ತಾಮ್ರದ್ದಾಗಿರಲಿ. ಮೇಲೆ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ಅಗ್ಗ ನಿಜ, ಬಾಗಿಲ ಸಂದಿಯಲ್ಲಿ ನಾಲ್ಕು ಸಲ ಮಡಚಿದರೆ ಒಳಗೇ ಲಟ್ ಎನ್ನುತ್ತದೆ.

ಕೇಬಲ್ ಸರಿ ಇದ್ದೂ ರೂಟರ್ ಮೂಲಕ 150–250ರಲ್ಲಿ ಒದ್ದಾಡುತ್ತಿದ್ದರೆ ಸೆಟ್ಟಿಂಗ್ ಪುಟಕ್ಕೆ ಹೋಗಿ. ಮೊದಲ ಶಂಕಿತ ಕ್ಯೂಒಎಸ್, ಅಂದರೆ ಯಾರಿಗೆ ಎಷ್ಟು ಸ್ಪೀಡ್ ಎಂದು ಹಂಚುವ ಸೌಕರ್ಯ. ಹಳೆಯ, ಕಡಿಮೆ ಸ್ಪೀಡಿನ ಪ್ಲಾನಿನ ಕಾಲದಲ್ಲಿ ಅಲ್ಲಿ ಒಟ್ಟು ಬ್ಯಾಂಡ್‌ವಿಡ್ತ್ ತುಂಬಿಸಿರುತ್ತಾರೆ. ಪ್ಲಾನ್ 300 ಆದರೂ ರೂಟರ್ ಹಳೆಯ ಅಂಕಿಗೇ ಕತ್ತರಿ ಹಾಕುತ್ತಿರುತ್ತದೆ. ಕೆಲವು ಫರ್ಮ್‌ವೇರ್‌ಗಳಲ್ಲಿ (ರೂಟರಿನೊಳಗಿನ ಸಾಫ್ಟ್‌ವೇರ್) ಆ ಖಾನೆ ಕೆಬಿಪಿಎಸ್‌ನಲ್ಲಿ (ಎಂಬಿಪಿಎಸ್‌ನ ಸಾವಿರದಲ್ಲೊಂದು ಪಾಲು) ಇರುತ್ತದೆ ಎಂಬುದೂ ಗಮನದಲ್ಲಿರಲಿ. 300 ಎಂಬಿಪಿಎಸ್‌ಗೆ ಅಲ್ಲಿ 300000 ಬರೆಯಬೇಕು, ಬರೀ 300 ಎಂದರೆ ನೆಟ್ ಉಸಿರುಗಟ್ಟುತ್ತದೆ.

ಅಂಕಿ ಸರಿ ಇದ್ದರೂ ಕ್ಯೂಒಎಸ್ ಆನ್ ಇರುವುದೇ ಈ ಬಗೆಯ ರೂಟರಿಗೆ ಹೊರೆ. ಮಾಮೂಲಿಯಾಗಿ ಒಂದು ಕನೆಕ್ಷನ್ನಿನ ಮೊದಲ ಕೆಲವು ಪ್ಯಾಕೆಟ್‌ಗಳನ್ನಷ್ಟೇ (ಡೇಟಾದ ತುಣುಕು) ಪ್ರೊಸೆಸರ್ ನೋಡಿ, ಉಳಿದವನ್ನು ಚಿಪ್‌ನೊಳಗಿನ ಪ್ರತ್ಯೇಕ ಭಾಗಕ್ಕೆ ಒಪ್ಪಿಸುತ್ತದೆ; ಅದೇ ಹಾರ್ಡ್‌ವೇರ್ ನ್ಯಾಟ್ (ನ್ಯಾಟ್ ಎಂದರೆ ಮನೆಯ ಎಲ್ಲ ಸಾಧನಗಳೂ ಒಂದೇ ಇಂಟರ್ನೆಟ್ ವಿಳಾಸ ಹಂಚಿಕೊಳ್ಳುವಂತೆ ಮಾಡುವ ಕೆಲಸ). ಅದರ ಬಲದಿಂದಲೇ ಇಷ್ಟು ಸಣ್ಣ ಪ್ರೊಸೆಸರ್ 900 ದಾಟಿಸುವುದು. ಕ್ಯೂಒಎಸ್, ಪೇರೆಂಟಲ್ ಕಂಟ್ರೋಲ್, ಯಾರು ಎಷ್ಟು ಡೇಟಾ ಬಳಸಿದರೆಂಬ ಲೆಕ್ಕ, ಗೆಸ್ಟ್ ವೈಫೈಗೆ ಸ್ಪೀಡ್ ಮಿತಿ, ಇವುಗಳಲ್ಲಿ ಯಾವುದನ್ನಾದರೂ ಆನ್ ಮಾಡಿದರೆ ಬಹುತೇಕ ಫರ್ಮ್‌ವೇರ್‌ಗಳಲ್ಲಿ ಪ್ರತಿ ಪ್ಯಾಕೆಟ್ಟೂ ಪ್ರೊಸೆಸರ್ ಕೈಯಿಂದಲೇ ಹಾದುಹೋಗಬೇಕು. ಪಿಪಿಪಿಒಇ ಇದ್ದರಂತೂ ಇನ್ನೂ ಭಾರ. ಡೌನ್‌ಲೋಡ್ ನಡೆಯುವಾಗ ಅಡ್ಮಿನ್ ಪುಟವೇ ತೆರೆಯಲು ತಿಣುಕುತ್ತಿದ್ದರೆ ಇದೇ ಲಕ್ಷಣ. ಎಲ್ಲವನ್ನೂ ಆಫ್ ಮಾಡಿ, ರೂಟರ್ ರೀಸ್ಟಾರ್ಟ್ ಮಾಡಿ, ಕೇಬಲ್‌ನಲ್ಲಿ ಅಳೆದು, ಬೇಕಾದ್ದನ್ನು ಒಂದೊಂದಾಗಿ ಆನ್ ಮಾಡುತ್ತಾ ಬನ್ನಿ. ಈ ಸೌಕರ್ಯಗಳನ್ನು ಜಾಹೀರಾತಿನಲ್ಲಿ ಮೆರೆಸುವವರು, ಆನ್ ಮಾಡಿದರೆ ಎಷ್ಟು ಸ್ಪೀಡ್ ಬೀಳುತ್ತದೆಂದು ಎಲ್ಲೂ ಬರೆಯುವುದಿಲ್ಲ.

ಕೇಬಲ್‌ನಲ್ಲಿ ಚೆನ್ನಾಗಿದ್ದು ವೈಫೈನಲ್ಲಿ ಮಾತ್ರ 20–30 ಬಂದರೆ ಸೆಕ್ಯುರಿಟಿ ಸೆಟ್ಟಿಂಗ್ ನೋಡಿ. ಟಿಕೆಐಪಿ ಅಥವಾ ಡಬ್ಲ್ಯುಇಪಿ ಎಂಬ ಹಳೆಯ ಗೂಢಲಿಪಿ ವಿಧಾನ ಇದ್ದರೆ ಲಿಂಕ್ 54ಕ್ಕೇ ನಿಲ್ಲುತ್ತದೆ, ಕೈಗೆ ಸಿಗುವುದು ಅದರಲ್ಲೂ ಅರ್ಧ. ಡಬ್ಲ್ಯುಪಿಎ2 ಮತ್ತು ಎಇಎಸ್ ಮಾತ್ರ ಇಡಿ. ಡಬ್ಲ್ಯುಎಂಎಂ ಎಂಬ ಟಿಕ್ ಯಾವಾಗಲೂ ಆನ್ ಇರಬೇಕು, ತೆಗೆದರೂ ಅದೇ 54. ಇನ್ನು "ಸ್ಮಾರ್ಟ್ ಕನೆಕ್ಟ್". ಎರಡೂ ಬ್ಯಾಂಡಿಗೆ ಒಂದೇ ಹೆಸರಿಟ್ಟು, ಯಾವುದಕ್ಕೆ ಸೇರಬೇಕೆಂಬುದನ್ನು ರೂಟರಿಗೇ ಬಿಡುವ ಸೌಕರ್ಯ ಇದು. ಹೆಸರಿಗೆ ಸ್ಮಾರ್ಟ್, ಫೋನ್ ದೂರದ ಕೋಣೆಗೆ ಹೋಗಿ 2.4ಕ್ಕೆ ಇಳಿದರೆ, ರೂಟರ್ ಪಕ್ಕಕ್ಕೆ ಬಂದರೂ ಅಲ್ಲೇ ಕೂತಿರುತ್ತದೆ. ಎರಡು ಬ್ಯಾಂಡಿಗೆ ಎರಡು ಹೆಸರು ಕೊಡುವುದೇ ನೆಮ್ಮದಿ.

5 ಗಿಗಾಹರ್ಟ್ಸ್‌ಗೆ ಚಾನೆಲ್ ಅಗಲ 80 ಮೆಗಾಹರ್ಟ್ಸ್, ಚಾನೆಲ್ 36ರಿಂದ 48ರ ಗುಂಪಿನಲ್ಲಿ. 52ರಿಂದ 144ರವರೆಗಿನವು ರೇಡಾರ್ ಜೊತೆ ಹಂಚಿಕೊಂಡವು. ಅವುಗಳಲ್ಲಿ ರೂಟರ್ ಕನಿಷ್ಠ ಒಂದು ನಿಮಿಷ ಕಿವಿಗೊಟ್ಟು ಕೇಳಿದ ಮೇಲೇ ಪ್ರಸಾರ ಶುರುಮಾಡುವುದು, ನಡುವೆ ರೇಡಾರ್ ಕಂಡರೆ ಚಾನೆಲ್ ಬಿಟ್ಟು ಓಡಬೇಕು. "5ಜಿ ವೈಫೈ ಒಮ್ಮೊಮ್ಮೆ ಮಾಯವಾಗುತ್ತೆ" ಎಂಬುದಕ್ಕೆ ಇದೂ ಒಂದು ಕಾರಣ. 2.4ರಲ್ಲಿ ಅಗಲ 20, ಚಾನೆಲ್ 1, 6, 11ರಲ್ಲಿ ಒಂದು, ಅಷ್ಟೇ. ರೂಟರಿನ ಹಿಂದೆ ಯುಎಸ್‌ಬಿ 3 ಡಿಸ್ಕ್ ಚುಚ್ಚಿದ್ದರೆ ತೆಗೆದು ನೋಡಿ: ಅದರ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಬೀಳುತ್ತದೆ ಎಂದು ಇಂಟೆಲ್ 2012ರಲ್ಲೇ ವಿವರವಾಗಿ ಬರೆದಿತ್ತು.

ಅಡಾಪ್ಟರ್ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ, ದೀರ್ಘ ಬಳಕೆಯಲ್ಲಿ ಸೊರಗುವುದು ಮಾತ್ರ ಅದೇ. ಒಳಗಿನ ಕೆಪಾಸಿಟರ್ ಬಿಸಿಗೆ ಒಣಗುತ್ತಾ ಬರುತ್ತದೆ. ಮಲ್ಟಿಮೀಟರ್ ಹಿಡಿದರೆ 12 ವೋಲ್ಟ್ ಸರಿಯಾಗೇ ತೋರಿಸಬಹುದು, ಲೋಡ್ ಬಿದ್ದಾಗ ಕುಸಿಯುತ್ತದೆ. ನಾಲ್ಕು ಜನ ಒಟ್ಟಿಗೆ ವಿಡಿಯೋ ನೋಡುವಾಗಲೇ ರೂಟರ್ ರೀಸ್ಟಾರ್ಟ್ ಆಗುವುದು, 5 ಗಿಗಾಹರ್ಟ್ಸ್ ದೀಪ ಆರುವುದು ಇದರ ಗುರುತು. ಬದಲಿಗೆ ತರುವಾಗ ವೋಲ್ಟ್ ಅದೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು, ಪಿನ್ನಿನ ಗಾತ್ರ ಮತ್ತು ಪ್ಲಸ್-ಮೈನಸ್ ಗುರುತು ಲೇಬಲ್‌ನಲ್ಲಿ ಇರುವಂತೆಯೇ. 12 ವೋಲ್ಟಿನ ಜಾಗಕ್ಕೆ 9 ವೋಲ್ಟಿನದು ಚುಚ್ಚಿದರೂ ದೀಪ ಹತ್ತಬಹುದು, ನಂಬಬೇಡಿ.

ಫ್ಯಾಕ್ಟರಿ ರೀಸೆಟ್ ಕಡೆಯ ಅಸ್ತ್ರವಾಗಿರಲಿ. ಪಿನ್‌ನಿಂದ ಸುಮಾರು 10 ಸೆಕೆಂಡ್ ಒತ್ತುವ ಮುಂಚೆ ಪಿಪಿಪಿಒಇ ವಿವರ ಮತ್ತು ವ್ಯಾನ್ ಪುಟದಲ್ಲಿ ವಿಲ್ಯಾನ್ ಸಂಖ್ಯೆ (ಸೇವೆ ಕೊಡುವವರು ಲೈನಿಗೆ ಕೊಟ್ಟ ಗುರುತು) ಇದ್ದರೆ ಅದನ್ನೂ ಫೋಟೊ ತೆಗೆದಿಡಿ. ಆ ಒಂದು ಸಂಖ್ಯೆ ಇಲ್ಲದಿದ್ದರೆ ಉಳಿದದ್ದೆಲ್ಲ ಸರಿ ಇದ್ದರೂ ನೆಟ್ ಬರುವುದಿಲ್ಲ. ಫರ್ಮ್‌ವೇರ್ ಹಾಕುವಾಗ ರೂಟರಿನ ತಳದ ಲೇಬಲ್‌ನಲ್ಲಿರುವ ಹಾರ್ಡ್‌ವೇರ್ ವರ್ಷನ್ ಹೊಂದಲೇಬೇಕು, ಮಾಡೆಲ್ ಹೆಸರು ಒಂದೇ ಎಂದು ಮುಂದುವರಿದರೆ ರೂಟರ್ ಕೆಲಸಕ್ಕೆ ಬಾರದ ಇಟ್ಟಿಗೆಯಾಗಬಹುದು. ವೈಫೈನಲ್ಲಿ ಅಪ್‌ಲೋಡ್ ಮಾಡಬೇಡಿ, ಕೇಬಲ್ ಬಳಸಿ.

ಸ್ಪೀಡ್ ಟೆಸ್ಟ್ ಪೂರ್ತಿ ಬಂದು, ಪುಟ ತೆರೆಯುವಾಗ ಮಾತ್ರ ಎರಡು ಸೆಕೆಂಡ್ ತಡವರಿಸಿದರೆ ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) ಬದಲಿಸಿ: 1.1.1.1 ಅಥವಾ 8.8.8.8. ರೂಟರಿನ ವ್ಯಾನ್ ವಿಳಾಸ 192.168ರಿಂದ ಶುರುವಾಗಿದ್ದರೆ ಓಎನ್‌ಟಿಯೂ ರೂಟರ್ ಆಗಿ ಕೂತಿದೆ ಎಂದರ್ಥ. ಅದನ್ನು ಬ್ರಿಡ್ಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಲೈನ್ ದಾಟಿಸುವುದಷ್ಟೇ) ಹಾಕಿಸಿ, ಆಗದಿದ್ದರೆ ಅದರ ವೈಫೈಯನ್ನಾದರೂ ಆಫ್ ಮಾಡಿ. ಪಕ್ಕಪಕ್ಕದಲ್ಲಿ ಎರಡು ರೇಡಿಯೋ ಒಂದೇ ಚಾನೆಲ್‌ನಲ್ಲಿದ್ದರೆ ಎರಡಕ್ಕೂ ಅರ್ಧರ್ಧ ಹೊತ್ತು.

ಪ್ಲಾನ್ 500 ದಾಟಿದ್ದು, ಅಷ್ಟೂ ಸ್ಪೀಡ್ ವೈಫೈನಲ್ಲೇ ಬೇಕೆಂದರೆ ಈ ರೂಟರಿನ ಕಾಲ ಮುಗಿಯಿತು, ವೈಫೈ 6ಕ್ಕೆ ಹೋಗಿ. ಹಳೆಯದನ್ನು ಎಸೆಯಬೇಕಿಲ್ಲ. ಅದರ ವಿಳಾಸವನ್ನು 192.168.1.2ರಂತೆ ಹೊಸ ರೂಟರಿನ ಸಾಲಿನಲ್ಲೇ ಖಾಲಿ ಇರುವ ಒಂದಕ್ಕೆ ಬದಲಿಸಿ, ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಹೊಸ ರೂಟರಿನ ಲ್ಯಾನ್‌ನಿಂದ ಇದರ ಲ್ಯಾನ್‌ಗೆ ಕೇಬಲ್ ಎಳೆಯಿರಿ. ವ್ಯಾನ್ ಪೋರ್ಟ್ ಖಾಲಿ ಬಿಡಿ. ದೂರದ ಕೋಣೆಗೆ ವೈಫೈ ಹರಡುವ ಒಳ್ಳೆಯ ಆ್ಯಕ್ಸೆಸ್ ಪಾಯಿಂಟ್ ಆಗುತ್ತದೆ, ಮತ್ತು ಆ ಕೆಲಸದಲ್ಲಿ ನ್ಯಾಟ್‌ನ ಹೊರೆಯೇ ಇಲ್ಲದ ಕಾರಣ ಅದರ ಪ್ರೊಸೆಸರ್ ಸಣ್ಣದೆಂಬುದು ಅಡ್ಡಿಯಾಗುವುದಿಲ್ಲ.